ಗುಣವಾಯಿತೆಂದು ನಾನು ಸಾಕ್ಷಿ ಹೇಳಿದ ಭಾನುವಾರ

ಕೆಲವು ತಿಂಗಳ ಹಿಂದೆ ಮಗಳು ಶೀಲಾಳ ಮನೆಗೆ ಹೋಗಿದ್ದೆ. ಅವಳಿರುವುದು ಥಾಣೆಯ ವರ್ತಕ ನಗರದಲ್ಲಿ. ಹೆರಿಗೆಯಾಗಿ ಇನ್ನೂ ತಿಂಗಳಾಗಿತ್ತಷ್ಟೆ. ಮಗುವಿಗೆ ಎಣ್ಣೆ ತಿಕ್ಕಲು ಬರುವ ಹೆಂಗಸು ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಪಕ್ಕದಲ್ಲಿದ್ದ ಸಣ್ಣ ತಗಡಿನ ಡಬ್ಬಿಯ ಮುಚ್ಚಳ ತೆಗೆದಳು. ಆಲಿವ್ ಎಣ್ಣೆ. ಔಷಧಿ ಅಂಗಡಿಗಳಲ್ಲಿ ಸಿಗುತ್ತದಲ್ಲ, ಅದು. ಹಸಿ ಸೊಪ್ಪನ್ನು ಅಂಗೈಯಲ್ಲಿ ಹಿಸುಕಿದಂಥ ಒಂದು ವಾಸನೆ ಕೋಣೆಯಲ್ಲಿ ಹರಡಿತು. ನಾನು ಎದ್ದು ಗ್ಯಾಲರಿಗೆ ಹೋಗಿ ಕಬ್ಬಿಣದ ಜಾಳಿಗೆಯನ್ನು ಹಿಡಿದು ನಿಂತೆ.

ಶೀಲಾ ಹಿಂದೆಯೇ ಬಂದಳು. "ಕ್ಯಾ ಹುವಾ ಪಪ್ಪಾ? ಚಕ್ಕರ್ ಆಯಾ ಕ್ಯಾ?" ಎಂದು ಕೇಳಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ. ತಲೆಸುತ್ತಲ್ಲ, ಸೆಖೆ ಎಂದೆ. ಅವಳು ಫ್ಯಾನ್ ಜೋರು ಮಾಡಿ ನೀರು ತಂದುಕೊಟ್ಟಳು. ನೀರು ಕುಡಿದೆ. ಆದರೆ ಆ ವಾಸನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹತ್ತು ವರ್ಷಗಳ ಹಿಂದೆ ಅಂಥದೇ ಡಬ್ಬಿ ಕೋಪರಖೈರಣೆಯ ನಮ್ಮ ಮನೆಯ ಗೂಡಿನಲ್ಲಿ, ವೇದಪುಸ್ತಕದ ಪಕ್ಕದಲ್ಲಿ ಇರುತ್ತಿತ್ತು. ಆ ವರ್ಷದ ಮಳೆಗಾಲದ ಸಂಗತಿಯನ್ನು ಬರೆದಿಡಬೇಕೆಂದು ಕುಳಿತಿದ್ದೇನೆ. ನಾನು ಓದಿದ್ದು ಹತ್ತನೇ ತರಗತಿಯವರೆಗೆ. ತಪ್ಪೊಪ್ಪಿಗೆ ಬರೆಯಲು ಅಷ್ಟು ಓದು ಸಾಕು.

ನಾವು ವಿಜಯಪುರದ ಕಡೆಯವರು. ನನ್ನ ಅಜ್ಜನ ಕಾಲಕ್ಕೇ ನಮ್ಮ ಓಣಿ ಕ್ರಿಸ್ತನನ್ನು ನಂಬಿತ್ತು. ಕೆಲಸ ಹುಡುಕಿಕೊಂಡು ಬಂದ ನಾನು ಕಳಂಬೋಲಿಯ ಲೋಖಂಡ ಮಾರ್ಕೆಟ್‌ನಲ್ಲಿ, ಅಂದರೆ ಕಬ್ಬಿಣದ ಪೇಟೆಯಲ್ಲಿ, ಮೂವತ್ತು ವರ್ಷ ಒಂದೇ ಕಡೆ ದುಡಿದೆ. ಲಾರಿಗಳನ್ನು ತೂಗುವ ಕಾಟಾದ ಮೇಲೆ. ಕಬ್ಬಿಣದ ಸರಳು, ತಗಡು, ಪೈಪು ತುಂಬಿದ ಲಾರಿ ಕಾಟಾದ ಮೇಲೆ ಬಂದು ನಿಲ್ಲುತ್ತಿತ್ತು. ನಾನು ಕಿಟಕಿಯಿಂದ ತಲೆ ಹೊರಹಾಕಿ ಡ್ರೈವರ್, ಕ್ಲೀನರ್ ಇಬ್ಬರನ್ನೂ ಇಳಿಸುತ್ತಿದ್ದೆ. ಒಬ್ಬ ಮನುಷ್ಯನ ತೂಕವೂ ಕಬ್ಬಿಣದ ಲೆಕ್ಕಕ್ಕೆ ಸೇರಬಾರದು. ಕೆಲವರು ಬೈಯುತ್ತಿದ್ದರು. ಒಬ್ಬ ಸರ್ದಾರ್ ಡ್ರೈವರ್ ಮಾತ್ರ ಪ್ರತಿ ಸಲ ಇಳಿದು, ಜೇಬಿನಲ್ಲಿದ್ದ ಬಾಚಣಿಗೆಯನ್ನೂ ತೆಗೆದು ತೋರಿಸಿ, ಇದನ್ನೂ ಇಳಿಸಲೇ ಎಂದು ನಗುತ್ತಿದ್ದ. ನಮ್ಮ ಸಭೆಯಲ್ಲಿ ನನಗೆ ಕಾಟಾ ಅಣ್ಣ ಎಂದೇ ಹೆಸರು. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆ ಇತ್ತು.

ನಮ್ಮ ಕನ್ನಡ ಸಭೆ ಕಲ್ಯಾಣದಲ್ಲಿ ಒಂದು ಶಾಲೆಯ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಕೂಡುತ್ತದೆ. ಬೆಳಿಗ್ಗೆ ಅಲ್ಲಿ ಮರಾಠಿಯವರ ಆರಾಧನೆ, ಅವರು ಎದ್ದ ಮೇಲೆ ನಮ್ಮದು. ಡೊಂಬಿವಲಿ, ಥಾಣೆ, ಕೋಪರಖೈರಣೆ, ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಗಾರೆ ಕೆಲಸದವರು, ಹಮಾಲರು, ಆಸ್ಪತ್ರೆಗಳಲ್ಲಿ ಆಯಾ ಆಗಿರುವ ಹೆಂಗಸರು. ತಿಂಗಳ ಮೊದಲ ಭಾನುವಾರ ಸಾಕ್ಷಿ ಹೇಳುವ ಪದ್ಧತಿ. ದೇವರು ತನಗೆ ಏನು ಮಾಡಿದನೆಂದು ಒಬ್ಬೊಬ್ಬರು ಎದ್ದು ನಿಂತು ಹೇಳುತ್ತಾರೆ. ಒಂದೊಂದು ಮಾತು ಮುಗಿದಾಗಲೂ ಕೂತವರು 'ಸ್ತೋತ್ರ' ಅನ್ನುತ್ತಾರೆ. ಅದು ಎಷ್ಟು ರೂಢಿಯಾಗಿದೆಯೆಂದರೆ ತೂಕಡಿಸುತ್ತಿರುವವರೂ ಸರಿಯಾದ ಹೊತ್ತಿಗೆ ಅನ್ನುತ್ತಾರೆ.

ನಾನು ಆ ಸಭೆಯ ಹಿರಿಯರಲ್ಲಿ ಒಬ್ಬ. ಕಾಯಿಲೆ ಬಿದ್ದವರ ಮನೆಗೆ ಹೋಗಿ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ನನ್ನ ಪಾಲಿನ ಸೇವೆ. ದೇವರು ತಾನು ಪ್ರೀತಿಸಿದವರಿಗೇ ಕಷ್ಟ ಕೊಡುತ್ತಾನೆ, ಕಷ್ಟ ಬಂದರೆ ಸಂತೋಷಪಡಿ ಎಂದು ಎಷ್ಟು ಹಾಸಿಗೆಗಳ ಪಕ್ಕದಲ್ಲಿ ನಿಂತು ಹೇಳಿದ್ದೇನೋ. ಇನ್ನೊಂದು ಮಾತನ್ನೂ ಹೇಳುತ್ತಿದ್ದೆ. ಗುಣವಾಗಿದೆ ಎಂದು ಮೊದಲು ಬಾಯಿಂದ ಹೇಳಬೇಕು, ಆಮೇಲೆ ದೇಹ ಅದನ್ನು ಕೇಳುತ್ತದೆ ಎಂದು. ನಮ್ಮವರಲ್ಲಿ ಬಹಳ ಮಂದಿ ಇದನ್ನು ನಂಬುತ್ತಾರೆ. ಆಗ ನಮ್ಮ ಮನೆಯಲ್ಲಿ ಯಾರಿಗೂ ದೊಡ್ಡ ಕಾಯಿಲೆ ಬಂದಿರಲಿಲ್ಲ.

ಆ ವರ್ಷ ಹೋಳಿಯ ಹೊತ್ತಿಗೆ ನನ್ನ ಹೆಂಡತಿ ಪ್ರೇಮಾ ತನ್ನ ಎದೆಯಲ್ಲಿ ಗಡ್ಡೆ ಇದೆ ಎಂದು ಹೇಳಿದಳು. ಕಂಡು ಎರಡು ತಿಂಗಳಾಗಿತ್ತಂತೆ. ನಾಚಿಕೆಯಿಂದ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೋಡಿದ ಡಾಕ್ಟರು ಬೇಗ ಆಪರೇಶನ್ ಆಗಬೇಕು, ಈಗಲಾದರೆ ಉಳಿಸಿಕೊಳ್ಳಬಹುದು ಎಂದರು. ನಾನು ಸ್ವಲ್ಪ ದಿನ ಕೊಡಿ ಎಂದೆ. ಬಹಳ ತಡ ಮಾಡಬೇಡಿ ಎಂದರು. ನಲವತ್ತು ದಿನ ಬಹಳವಲ್ಲ ಎಂದು ನಾನೇ ತೀರ್ಮಾನಿಸಿಕೊಂಡೆ.

ಸಭೆಯಲ್ಲಿ ನಲವತ್ತು ದಿನದ ಪ್ರಾರ್ಥನೆ ಇಟ್ಟೆವು. ದಿನಕ್ಕೊಂದು ಮನೆ. ಕಾಟಾದ ಡ್ಯೂಟಿ ಮುಗಿಸಿ ನಾನು ಎಲ್ಲೆಲ್ಲಿಗೋ ಹೋಗಿ ಬರುತ್ತಿದ್ದೆ. ನಾನು ಉಪವಾಸವಿದ್ದೆ, ಅವಳಿಗೂ ಮಾಡಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಡಬ್ಬಿ ತೆಗೆದು, ಎಣ್ಣೆಯ ಮೇಲೆ ಪ್ರಾರ್ಥಿಸಿ, ಹಚ್ಚಿಕೊಳ್ಳಲು ಅವಳ ಕೈಗೆ ಕೊಡುತ್ತಿದ್ದೆ. ಪರದೆಯ ಆಚೆ ಹೋಗಿ ಹಚ್ಚಿಕೊಂಡು ಬರುತ್ತಿದ್ದಳು. ಹೇಗಿದೆ ಎಂದು ಕೇಳುತ್ತಿದ್ದೆ. ಸಣ್ಣದಾದಂಗ ಐತಿ ಅನ್ನುತ್ತಿದ್ದಳು. ಆ ಮಾತು ಹೊತ್ತುಕೊಂಡು ಬಸ್ಸಿಗೆ ಓಡುತ್ತಿದ್ದೆ. ಇವತ್ತು ಇನ್ನೂ ಸಣ್ಣದಾಯಿತಂತೆ ಎಂದು ಸಂಜೆಯ ಪ್ರಾರ್ಥನೆಯಲ್ಲಿ ಹೇಳುತ್ತಿದ್ದೆ. ಜನ ಸ್ತೋತ್ರ ಅನ್ನುತ್ತಿದ್ದರು. ಸಣ್ಣದಾದುದನ್ನು ನನ್ನ ಕಣ್ಣಿಂದ ನಾನು ಒಮ್ಮೆಯೂ ನೋಡಲಿಲ್ಲ. ಲಾರಿಯಿಂದ ಕ್ಲೀನರನನ್ನು ಇಳಿಸದೆ ತೂಕ ಬರೆಯದವನು ನಾನು.

ನಲವತ್ತು ದಿನ ಮುಗಿದ ಮೇಲೆ ಸ್ತೋತ್ರ ಕೂಟ ಮಾಡುವುದು ನಮ್ಮಲ್ಲಿ ಮೊದಲೇ ನಿಗದಿ. ಪ್ರಾರ್ಥನೆ ಶುರುವಾದ ದಿನವೇ ಕೂಟದ ತಾರೀಖನ್ನೂ ಊಟವನ್ನೂ ಗೊತ್ತುಮಾಡುತ್ತಾರೆ. ಅದು ನಂಬಿಕೆಯ ಗುರುತು. ಜೂನ್ ತಿಂಗಳ ಮೊದಲ ಭಾನುವಾರವೆಂದು ಎಲ್ಲರಿಗೂ ಹೇಳಿಯಾಗಿತ್ತು. ಬಿರಿಯಾನಿಯ ದೇಗ್ ಬೆಳಿಗ್ಗೆಯೇ ಹಾಲ್‌ನ ಹಿಂದೆ ಒಲೆಗೆ ಏರುವುದಿತ್ತು.

ಆ ಬೆಳಿಗ್ಗೆ ಶೀಲಾ ಸ್ನಾನಕ್ಕೆ ಹೋಗಿದ್ದಳು. ಆಗ ಅವಳು ಕಾಲೇಜಿನಲ್ಲಿದ್ದಳು. ನಾನು ಬೂಟಿಗೆ ಪಾಲಿಶ್ ಹಾಕುತ್ತಿದ್ದೆ. ಪ್ರೇಮಾ ಬಂದು ಎದುರು ನೆಲದ ಮೇಲೆ ಕುಳಿತಳು.

"ಒಂದು ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ," ಎಂದಳು. "ಕಡಿಮಿ ಆಗಿಲ್ರಿ. ನಾ ಹೇಳಿದ್ದು ಸುಳ್ಳು. ದೊಡ್ಡದಾಗೇತಿ. ಬಗಲಾಗೂ ಒಂದು ಬಂದೈತಿ."

ಮತ್ತೆ ದಿನಾ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ಮುಂಜಾನೆ ಎದ್ದು ಅಷ್ಟು ಆಸೆಲೆ ಕೇಳತಿದ್ರಿ. ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ." ಅವಳು ನನ್ನ ಕೈಯಿಂದ ಬ್ರಶ್ ತೆಗೆದು ಕೆಳಗಿಟ್ಟಳು. "ಮಂದಿ ಇಷ್ಟು ದಿನ ಪ್ರಾರ್ಥನೆ ಮಾಡ್ಯಾರ. ಉಣ್ಣಿಸಿ ಕಳಸೂಣು. ಗುಣ ಆಗೇತಿ ಅಂತ ಸಾಕ್ಷಿ ಮಾತ್ರ ಹೇಳಬ್ಯಾಡ್ರಿ. ನಾಳಿ ಆಸ್ಪತ್ರಿಗಿ ಹೋಗೂಣು."

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ನಾನು ಬ್ರಶ್ಶನ್ನು ಮತ್ತೆ ಕೈಗೆತ್ತಿಕೊಂಡೆ.

"ಸೀರಿ ಉಟ್ಕೋ," ಎಂದೆ. "ಗಾಡಿ ತಪ್ಪತೈತಿ."

ಇಷ್ಟೇ ಹೇಳಿದ್ದು. ಬಾಯಿಂದ ಮೊದಲು ಹೇಳಿದರೆ ದೇವರು ಆಮೇಲೆ ಮಾಡುತ್ತಾನೆಂಬ ನಂಬಿಕೆಯಿಂದ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವಲ್ಲ. ಆ ಬೆಳಿಗ್ಗೆ ನನ್ನ ತಲೆಯಲ್ಲಿ ದೇವರಿರಲಿಲ್ಲ. ದೇಗ್ ಇತ್ತು, ನೂರೈವತ್ತು ಜನ ಇದ್ದರು, ನನ್ನ ಜೊತೆಯ ಹಿರಿಯ ದೇವದಾನಪ್ಪ ಇದ್ದ. ಅವನ ಅಳಿಯನಿಗಾಗಿ ಹಿಂದಿನ ವರ್ಷ ಮಾಡಿದ ಪ್ರಾರ್ಥನೆಗೆ ಫಲ ಸಿಕ್ಕಿತ್ತು. ನನ್ನ ಮನೆಯ ಪ್ರಾರ್ಥನೆಗೆ ಸಿಗಲಿಲ್ಲವೆಂದು ಅವನ ಮುಂದೆ ಹೇಗೆ ಹೇಳುವುದು ಎಂದು ಯೋಚಿಸಿದ್ದೆ.

ಕೋಪರಖೈರಣೆಯಿಂದ ಥಾಣೆ, ಥಾಣೆಯಲ್ಲಿ ಗಾಡಿ ಬದಲಿಸಿ ಕಲ್ಯಾಣ. ಪ್ರೇಮಾ ಶೀಲಾಳ ಜೊತೆ ಹೆಂಗಸರ ಡಬ್ಬದಲ್ಲಿ ಬಂದಳು. ಹಾಲ್‌ನಲ್ಲಿ ನಾನು ಎದ್ದು ನಿಂತೆ. ವೈದ್ಯರು ಕೊಯ್ಯಬೇಕೆಂದ ಗಡ್ಡೆಯನ್ನು ಕರ್ತನು ಕರಗಿಸಿದನು ಎಂದೆ. ಸ್ತೋತ್ರ ಎಂದರು. ನನ್ನ ಹೆಂಡತಿ ಸ್ವಸ್ಥಳಾಗಿ ನಿಮ್ಮ ಮುಂದಿದ್ದಾಳೆ ಎಂದೆ. ಗೋಡೆ ನಡುಗುವ ಹಾಗೆ ಸ್ತೋತ್ರ ಎಂದರು. ಆಮೇಲೆ ಪಾಸ್ಟರ್ ಪ್ರೇಮಾಳಿಗೆ ಒಂದು ಹಾಡು ಹಾಡು ಎಂದರು. ಅವಳ ದನಿ ಒಳ್ಳೆಯದು. ಅವಳು ಹಾಡಿನ ಪುಸ್ತಕವನ್ನು ಎದೆಗೆ ಒತ್ತಿಹಿಡಿದು, ನನ್ನ ಕಡೆ ಒಂದು ಸಲ ನೋಡಿ, ಪೂರಾ ಹಾಡಿದಳು. ಅವಳು ಅಲ್ಲೇ ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಕೂಟ ಮುಗಿದ ಮೇಲೆ ಆದದ್ದನ್ನು ಹೇಗೆ ಬರೆಯಲಿ? ಹೆಂಗಸರು ಸಾಲಾಗಿ ಬಂದು ಅವಳನ್ನು ತಬ್ಬಿಕೊಂಡರು. ಇಪ್ಪತ್ತು ಜನ, ಮೂವತ್ತು ಜನ. ಸಂತೋಷದಿಂದ, ಬಿಗಿಯಾಗಿ, ಅತ್ತು ಅತ್ತು ಎದೆಗೆ ಎದೆ ಒತ್ತಿ. ಪ್ರತಿಯೊಬ್ಬರು ತಬ್ಬಿದಾಗಲೂ ಅವಳು ಕಣ್ಣು ಮುಚ್ಚುತ್ತಿದ್ದಳು. ಭಕ್ತಿ ಎಂದುಕೊಂಡರು. ನಾನು ಬಿರಿಯಾನಿಯ ತಟ್ಟೆ ಹಿಡಿದುಕೊಂಡು ಆಚೆ ನಿಂತು ನೋಡುತ್ತಿದ್ದೆ. ಉಂಡೆ ಕೂಡ.

ಮರುದಿನ ಆಸ್ಪತ್ರೆಗೆ ಹೋಗಲಿಲ್ಲ. ಹೇಗೆ ಹೋಗುವುದು? ಆ ಆಸ್ಪತ್ರೆಯಲ್ಲಿ ನಮ್ಮ ಸಭೆಯ ಮೂರ್ನಾಲ್ಕು ಹೆಂಗಸರು ಆಯಾ ಕೆಲಸದಲ್ಲಿದ್ದರು. ಸಾಕ್ಷಿ ಹೇಳಿದ ವಾರದಲ್ಲೇ ಕಾಟಾ ಅಣ್ಣನ ಹೆಂಡತಿ ಚೀಟಿ ಹಿಡಿದು ಸಾಲಿನಲ್ಲಿ ಕೂತಿದ್ದಾಳೆಂದು ಸಂಜೆಯೊಳಗೆ ಕಲ್ಯಾಣದವರೆಗೆ ತಿಳಿಯುತ್ತಿತ್ತು. ಸ್ವಲ್ಪ ದಿನ ಹೋಗಲಿ ಎಂದೆ. ಪ್ರೇಮಾ ಎದುರಾಡಲಿಲ್ಲ. ಮಳೆ ಹಿಡಿಯಿತು. ಬಟ್ಟೆ ಒಣಗದ ಆ ದಿನಗಳಲ್ಲಿ ಅವಳು ಹಳೆಯ ನೂಲಿನ ಸೀರೆ ಹರಿದು ಪಟ್ಟಿ ಮಾಡಿಕೊಂಡು ಕಟ್ಟಿಕೊಳ್ಳುತ್ತಿದ್ದಳು, ಒಗೆದು ಒಳಗಿನ ಹಗ್ಗಕ್ಕೆ ಹಾಕಿ ಮೇಲೆ ಟವೆಲ್ ಮುಚ್ಚುತ್ತಿದ್ದಳು. ನಾನು ಕಾಟಾಕ್ಕೆ ಹೋಗುತ್ತಿದ್ದೆ. ಕಬ್ಬಿಣ ಮಳೆಯಲ್ಲಿ ನೆನೆದು ಬಂದರೆ ತೂಕದಲ್ಲಿ ವ್ಯತ್ಯಾಸ ಬರುತ್ತದೆಂದು ಡ್ರೈವರುಗಳ ಜೊತೆ ಜಗಳವಾಡುತ್ತಿದ್ದೆ. ಸಂಜೆ ಬಂದು ಅವಳ ಪಕ್ಕ ಕೂತು ಪ್ರಾರ್ಥಿಸಿದರೆ ಮಾತು ಎರಡೇ ನಿಮಿಷಕ್ಕೆ ಮುಗಿಯುತ್ತಿತ್ತು. ಅಮ್ಮನ ಮೈ ಯಾಕೆ ಇಳಿದಿದೆ ಎಂದು ಶೀಲಾ ಕೇಳಿದರೆ ಉಪವಾಸದ ನಿಶ್ಶಕ್ತಿ ಎಂದು ಹೇಳುತ್ತಿದ್ದೆ.

ಆಗಸ್ಟಿನ ಒಂದು ಭಾನುವಾರ ಹಳಿಗಳ ಮೇಲೆ ನೀರು ನಿಂತು ಗಾಡಿಗಳು ಬಂದಾದವು. ಸಭೆಗೆ ಹೋಗಲಾಗಲಿಲ್ಲ. ಶೀಲಾ ಪಕ್ಕದ ಮನೆಯ ಗೆಳತಿಯ ಹತ್ತಿರ ಓದಲು ಹೋಗಿದ್ದಳು. ಮಧ್ಯಾಹ್ನ ಶಾಂತಾ ಕೊಡೆ ಹಿಡಿದು ನಡೆದೇ ಬಂದಳು. ನಮ್ಮ ಎರಡು ಸೆಕ್ಟರ್ ಆಚೆ ಇರುವವಳು, ನಮ್ಮ ಸಭೆಯವಳೇ, ಆ ಆಸ್ಪತ್ರೆಯ ಆಯಾ. ಗಂಡ ಇಲ್ಲ. ನನ್ನನ್ನು ಅಣ್ಣ ಎನ್ನುತ್ತಾಳೆ, ಪ್ರೇಮಾಳನ್ನು ವೈನಿ ಎಂದು ಕರೆಯುತ್ತಿದ್ದಳು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ ಸೆರಗು ಹಿಂಡುತ್ತಾ ಕೂತಳು.

"ಅಣ್ಣಾ, ವೈನಿಗಿ ಬಂದದ್ದೇ ನನಗೂ ಬಂದೈತಿ," ಎಂದಳು. "ಸಣ್ಣದೈತಿ, ಕಡ್ಲಿ ಕಾಳಿನಷ್ಟು. ಡಾಕ್ಟರಮ್ಮ ತಗಸೂಣು ಬಾ ಅಂದಾಳ. ನಾ ಒಲ್ಲೆ ಅಂದೀನಿ. ಆ ವಾರ್ಡಿನ ನೆಲಾ ಒರಸಾಕಿ ನಾನು, ಕೊಯ್ಸಿಕೊಂಡವರನ್ನ ದಿನಾ ನೋಡತೀನಿ. ಆವತ್ತ ನಿಮ್ಮ ಸಾಕ್ಷಿ ಕೇಳಿದಾಗಿಂದ ನನಗ ಧೈರ್ಯ ಬಂದೈತಿ. ಎಣ್ಣಿ ಹಚ್ಚಿ ಪ್ರಾರ್ಥನೆ ಮಾಡ್ರಿ."

ನಾನು ಎದ್ದೆ. ಗೂಡಿನಿಂದ ಡಬ್ಬಿ ತೆಗೆದೆ. ಅದರ ಮುಚ್ಚಳವನ್ನೂ ತೆಗೆದೆ. ಇದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಅವಳು ಸಾಯಬಹುದೆಂದು ಗೊತ್ತಿದ್ದೂ ನನ್ನ ಕೈ ಮುಚ್ಚಳ ತೆಗೆಯಿತು. ಬೇರೆ ಏನು ಮಾಡಬೇಕೆಂದು ಆ ಕೈಗೆ ತಿಳಿದಿರಲಿಲ್ಲ.

ಪರದೆಯ ಆಚೆಯಿಂದ ಪ್ರೇಮಾಳ ದನಿ ಬಂತು. "ಶಾಂತಾ, ಒಳಗ ಬಾ."

ಶಾಂತಾ ಒಳಗೆ ಹೋದಳು. ನಮ್ಮದು ಒಂದೇ ಕೋಣೆ, ನಡುವೆ ಹೂವಿನ ಚಿತ್ರದ ಪರದೆ. ಪ್ರೇಮಾ ಕುಪ್ಪಸದ ಗುಂಡಿಗಳನ್ನು ಬಿಚ್ಚುವ ಸದ್ದು ನನಗೆ ಕೇಳಿತು. ಪಟ್ಟಿ ಸುತ್ತು ಸುತ್ತಾಗಿ ಬಿಚ್ಚಿದಳು. ಕೊನೆಯ ಸುತ್ತು ಅಂಟಿಕೊಂಡಿತ್ತೆಂದು ತೋರುತ್ತದೆ, ಅವಳು ಹಲ್ಲು ಕಚ್ಚಿ ಉಸಿರೆಳೆದಳು. ಆಮೇಲೆ ಶಾಂತಾಳ ಬಾಯಿಂದ ಒಂದು ಸಣ್ಣ ಸದ್ದು ಬಂತು. ಮಾತಲ್ಲ.

"ನೋಡಿದಿಲ್ಲ?" ಎಂದಳು ಪ್ರೇಮಾ. "ನಾ ಆವತ್ತ ಹಾಡೂವಾಗೂ ಇದು ಇತ್ತು. ಗುಣ ಆಗಿಲ್ಲ. ನಾಳಿ ಹೋಗಿ ಡಾಕ್ಟರಮ್ಮಗ ಹೂಂ ಅನ್ನು. ನಿಂದು ಕಡ್ಲಿ ಕಾಳಷ್ಟೇ ಐತಿ."

ಶಾಂತಾ ಅಳತೊಡಗಿದಳು. ಹೆದರಿಕೆ ಆಗತೈತಿ ವೈನಿ ಎಂದಳು.

"ಹೆದರಿಕೆ ಆದ್ರ ನಾನೂ ಬರ್ತೀನಿ, ಸಂಗಾಟ," ಎಂದಳು ಪ್ರೇಮಾ. ಆಮೇಲೆ ದನಿ ತಗ್ಗಿಸಿದಳು. ಆದರೆ ಒಂದು ಪರದೆಯಾಚೆಗೆ ಎಷ್ಟು ತಗ್ಗಿಸಿದರೂ ಕೇಳುತ್ತದೆ. "ಇದನ್ನ ಯಾರ ಮುಂದೂ ಆಡಬ್ಯಾಡ. ಅವರಿಗೆ ಸಭಿ ಬಿಟ್ರ ಬ್ಯಾರೆ ಏನೂ ಇಲ್ಲ."

ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಶಾಂತಾ ಹೊರಗೆ ಬಂದಳು. ನನ್ನ ಮುಖ ನೋಡಲಿಲ್ಲ. ಕೊಡೆ ತೆಗೆದುಕೊಂಡು ಹೋದಳು. ಕೋಣೆಯ ತುಂಬ ಆ ಎಣ್ಣೆಯ ವಾಸನೆ.

ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಕೊಡೆಯಡಿ ಹೋದರು. ಶಾಂತಾಳದನ್ನು ವಾರದೊಳಗೆ ತೆಗೆದರು. ಪ್ರೇಮಾಳದು ಬೆನ್ನುಮೂಳೆಗೆ ಹೋಗಿತ್ತು. ಡಾಕ್ಟರು ನನ್ನನ್ನು ಕರೆದು ಕೇಳಿದ್ದು ಒಂದೇ ಮಾತು, ಬೇಸಿಗೆಯಲ್ಲಿ ಬನ್ನಿ ಎಂದಿದ್ದೆನಲ್ಲ, ಎಲ್ಲಿದ್ದಿರಿ?

ಶೀಲಾ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ತಾನೇ ಬಂದು ಪಕ್ಕದಲ್ಲಿ ಕೂತಳು. ಪಪ್ಪಾ ಭೋಳೇ, ಮುಗ್ಧ ಸ್ವಭಾವದವರು, ನಿಜವಾಗಿ ಗುಣವಾಯಿತೆಂದೇ ನಂಬಿದ್ದರು ಎಂದು ತಾಯಿಯ ಹತ್ತಿರ ಹೇಳಿದಳಂತೆ. ಪ್ರೇಮಾ ಹೂಂ ಎಂದಳಂತೆ. ಹೀಗೆ ನನಗೆ ಮಗಳ ಕ್ಷಮೆ ಸಿಕ್ಕಿತು. ಅವಳು ಕ್ಷಮಿಸಿದ್ದು ನನ್ನನ್ನಲ್ಲ, ನಾನಲ್ಲದ ಒಬ್ಬ ಅಪ್ಪನನ್ನು. ಅದನ್ನು ಹತ್ತು ವರ್ಷ ಇಟ್ಟುಕೊಂಡು ಬದುಕಿದೆ.

ಗಣಪತಿ ಹಬ್ಬ ಮುಗಿಯಿತು, ನವರಾತ್ರಿ ಬಂತು. ಮೂರು ವಾರಕ್ಕೊಮ್ಮೆ ಔಷಧಿ ಏರಿಸುತ್ತಿದ್ದರು. ತಲೆಗೂದಲು ಹೋಯಿತು. ಅವಳು ಸೆರಗು ಮುಂದಕ್ಕೆ ಎಳೆದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಪಕ್ಕದಲ್ಲಿ ಹೊಸದಾಗಿ ಬಂದ ಹೆಂಗಸರು ಅಳುತ್ತಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದಳು. ಅವರ ಭಾಷೆ ಇವಳಿಗೆ ಅಷ್ಟು ಬರದು. ಸುಮ್ಮನೆ ಹಿಡಿದುಕೊಳ್ಳುತ್ತಿದ್ದಳು. ಎಷ್ಟೋ ಹಾಸಿಗೆಗಳ ಪಕ್ಕದಲ್ಲಿ ನಿಂತು ಮಾತಾಡಿದ ನಾನು ಅವಳ ಪಕ್ಕದಲ್ಲಿ ಚೀಲ ಹಿಡಿದು ಕೂತಿರುತ್ತಿದ್ದೆ. ಒಂದು ದಿನ ಅವಳ ತುಟಿ ಅಲುಗುತ್ತಿರುವುದನ್ನು ನೋಡಿ, ಇನ್ನೂ ಗುಣ ಮಾಡೆಂದು ಬೇಡುತ್ತಿದ್ದೀಯಾ ಎಂದು ಕೇಳಿದೆ. ನನ್ನ ಕೇಳುವಿಕೆಯಲ್ಲಿ ಇನ್ನೂ ಆಸೆ ಇತ್ತು.

"ಗುಣ ಮಾಡು ಅನ್ನೂದು ಬಿಟ್ಟೀನ್ರಿ," ಎಂದಳು. "ಸಂಗಾಟ ಇರು ಅಂತೀನಿ. ಅಷ್ಟು ಸಾಕಾಗತೈತಿ."

ಮುಖದಲ್ಲಿ ದುಃಖವಿರಲಿಲ್ಲ. ಶಿಲುಬೆಯ ಮೇಲೆ ಕ್ರಿಸ್ತನು ನಮಗಾಗಿ ನೋವುಂಡನೆಂದು ನಾನು ಬಾಯಿಪಾಠ ಮಾಡಿ ಹೇಳಿದವನು. ಅವನನ್ನು ಜೊತೆಗಾರನಾಗಿ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಅವಳಿಗೆ ಬರುತ್ತಿತ್ತು. ನಾನು ಅದೇ ಬೆಂಚಿನ ಮೇಲೆ ಕೂತಿದ್ದೆ. ನನಗೆ ಏನೂ ಕಾಣಲಿಲ್ಲ.

ಜನವರಿಯಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೂರನೆಯ ದಿನ ಮನೆಯಲ್ಲಿ ಪ್ರಾರ್ಥನೆ ಇತ್ತು. ಜನ ಮೆಟ್ಟಿಲವರೆಗೂ ಕೂತಿದ್ದರು. ದೇವದಾನಪ್ಪ ಮಾತಾಡಿದ. ದೇವರು ಕೊಟ್ಟ ಸ್ವಸ್ಥತೆಯನ್ನು ನಮ್ಮ ಕಣ್ಣಾರೆ ನೋಡಿದ್ದೇವೆ, ಆದರೆ ಪಡೆದ ಮೇಲೆ ಸಂಶಯಪಡಬಾರದು, ಸಂಶಯಪಟ್ಟು ಆಸ್ಪತ್ರೆಗೆ ಓಡಿದರೆ ಕೊಟ್ಟದ್ದನ್ನು ದೇವರು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ, ಇದು ನಮಗೆಲ್ಲ ಪಾಠ ಎಂದ. ಅವನು ಕೆಟ್ಟವನಲ್ಲ. ನನ್ನ ಸಾಕ್ಷಿಯನ್ನು ನಂಬಿದವನಿಗೆ ಬೇರೆ ಯಾವ ಅರ್ಥವೂ ಹೊಳೆಯುವಂತಿರಲಿಲ್ಲ. ಶೀಲಾ ಒಳಗೆ ಚಹಾ ಮಾಡುತ್ತಿದ್ದಳು. ಆ ಮಾತು ಕೇಳಿ ಪರದೆ ಸರಿಸಿ ಬಂದು ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳಲಿ ಎಂದು ಕಾದಳು.

ನಾನು ದೇವದಾನಪ್ಪನ ಮಾತಿಗೆ ಹೌದೆಂದು ತಲೆಯಾಡಿಸಿದೆ.

ಶೀಲಾ ಅಂದಿನಿಂದ ಸಭೆಗೆ ಬರುವುದನ್ನು ಬಿಟ್ಟಳು. ಮದುವೆ ಥಾಣೆಯ ಮರಾಠಿ ಚರ್ಚಿನಲ್ಲಾಯಿತು. ನಾನು ಪ್ರತಿ ಭಾನುವಾರ ಕಲ್ಯಾಣಕ್ಕೆ ಹೋಗುವುದನ್ನು ಬಿಡಲಿಲ್ಲ. ಶಾಂತಾ ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ಕೂಡುತ್ತಾಳೆ. ಹತ್ತು ವರ್ಷ ನನಗೆ 'ವಂದನೆ ಅಣ್ಣಾ' ಅನ್ನುವುದನ್ನು ತಪ್ಪಿಸಿಲ್ಲ. ಅದಕ್ಕಿಂತ ಹೆಚ್ಚಾಗಿ ಒಂದು ಮಾತನ್ನೂ ಆಡಿಲ್ಲ.

ಎಣ್ಣೆಯ ವಾಸನೆ ಬಂದ ದಿನ ನಾನು ವರ್ತಕ ನಗರಕ್ಕೆ ಹೋದದ್ದು ಮಗುವಿನ ಹೆಸರಿನ ವಿಷಯ ಮಾತಾಡಲು. ಶೀಲಾ ಮಗುವಿಗೆ ಪ್ರೇಮಾ ಎಂದೇ ಹೆಸರಿಡಬೇಕೆಂದಿದ್ದಳು. ಕೂಸನ್ನು ದೇವರಿಗೆ ಒಪ್ಪಿಸುವ ಪ್ರಾರ್ಥನೆ ಥಾಣೆಯ ಚರ್ಚಿನಲ್ಲಿ ಬೇಡ, ಕಲ್ಯಾಣದ ಅದೇ ಹಾಲ್‌ನಲ್ಲಿ ಆಗಬೇಕೆಂದು ಹಟ ಹಿಡಿದಿದ್ದಳು. ತನ್ನ ತಾಯಿಯ ಹೆಸರನ್ನು ಆ ಜನ ಇನ್ನೊಮ್ಮೆ ಕೇಳಬೇಕು ಎಂಬುದು ಅವಳ ಮನಸ್ಸು. ನಾನು ದೇವದಾನಪ್ಪನಿಗೆ ಹೇಳಿದ್ದೆ. ಅವನು ಎರಡು ದಿನ ಯೋಚಿಸಿ ಫೋನ್ ಮಾಡಿದ. ಬೇರೆ ಹೆಸರು ನೋಡು, ದೇವರು ಕೊಟ್ಟದ್ದನ್ನು ಕಳಕೊಂಡವರ ಹೆಸರು ಹಸುಗೂಸಿಗೆ ಬೇಡ, ಹಿರಿಯರಲ್ಲಿ ಮಾತು ಬಂದಿದೆ ಎಂದ. ನಾನು ಶೀಲಾಳಿಗೆ ತಿಳಿಸುತ್ತೇನೆ ಎಂದು ಫೋನಿಟ್ಟೆ. ತಿಳಿಸುವುದಕ್ಕೇ ಅಂದು ಹೋಗಿದ್ದೆ. ಎಪ್ಪತ್ತು ದಾಟಿದ ಮೇಲೂ ನಾನು ಅಷ್ಟೇ ಮನುಷ್ಯ.

ಗ್ಯಾಲರಿಯಲ್ಲಿ ನೀರು ಕುಡಿದು, ಹೆಸರು ಬೇರೆ ಇಟ್ಟರೆ ಹೇಗೆ ಎಂದು ಶುರುಮಾಡಿದೆ. ಶೀಲಾ ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡಳು.

"ಪಪ್ಪಾ, ಏಕ್ ಬಾತ್ ಬೋಲೋ," ಎಂದಳು. "ಮಮ್ಮಿ ಕೋ ಸಚ್ ಮೇ ಶಕ್ ಥಾ ಕ್ಯಾ?"

ಅಮ್ಮನಿಗೆ ನಿಜವಾಗಿ ಸಂಶಯವಿತ್ತೇ? ಒಳಗೆ ಕೂಸು ಎಣ್ಣೆ ಮೈಯಲ್ಲಿ ಕಾಲು ಬಡಿಯುತ್ತಾ ಅಳುತ್ತಿತ್ತು. ನಾನು ಚಪ್ಪಲಿ ಮೆಟ್ಟಿ ಬಂದುಬಿಟ್ಟೆ. ಮೆಟ್ಟಿಲಿಳಿಯುವಾಗ ಒಂದನ್ನು ಮಾತ್ರ ನಿರ್ಧರಿಸಿದ್ದೆ. ಹೆಸರು ಬದಲಿಸಬೇಡ ಎಂದು ಸಂಜೆ ಫೋನಿನಲ್ಲಿ ಹೇಳಿದೆ.

ಕೂಸನ್ನು ಒಪ್ಪಿಸುವ ಕಾರ್ಯ ಕಲ್ಯಾಣದ ಹಾಲ್‌ನಲ್ಲಿ ತಿಂಗಳ ಮೊದಲ ಭಾನುವಾರಕ್ಕೆ ಗೊತ್ತಾಯಿತು. ಹೆಸರು ಬದಲಾಗಿಲ್ಲವೆಂದು ನಾನು ದೇವದಾನಪ್ಪನಿಗೆ ತಿಳಿಸಿರಲಿಲ್ಲ. ಸಾಕ್ಷಿಯ ಹೊತ್ತಿಗೆ ನಾನು ಎದ್ದು ನಿಂತೆ. ಶೀಲಾ ಮುಂದಿನ ಸಾಲಿನಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎಲ್ಲರಿಗೂ ವಂದನೆ ಹೇಳಿದೆ.

"ಹತ್ತು ವರ್ಷದ ಹಿಂದ ಇಲ್ಲೇ ನಿಂತು ಸಾಕ್ಷಿ ಹೇಳಿದ್ದೆ," ಎಂದೆ.

"ಸ್ತೋತ್ರ," ಎಂದರು.

"ನನ್ನ ಹೆಂಡತಿಗಿ ಗುಣ ಆಗೇತಿ ಅಂತ ಹೇಳಿದ್ದೆ."

"ಸ್ತೋತ್ರ."

"ಅದು ಸುಳ್ಳಿತ್ತು."

ಹಿಂದಿನ ಸಾಲುಗಳಿಂದ ರೂಢಿಯ ಮೇಲೆ ಐದಾರು ಜನ ಸ್ತೋತ್ರ ಎಂದರು. ನಾನು ಉಳಿದದ್ದನ್ನೂ ಹೇಳಿದೆ. ಆ ಬೆಳಿಗ್ಗೆ ಅವಳು ಬೂಟಿನ ಬ್ರಶ್ ಕೆಳಗಿಟ್ಟು ನಿಜ ಹೇಳಿದ್ದು, ಸಾಕ್ಷಿ ಹೇಳಬೇಡಿ ಎಂದದ್ದು, ಗಾಡಿ ತಪ್ಪುತ್ತದೆ ಎಂದು ನಾನು ಅವಳನ್ನು ಎಬ್ಬಿಸಿದ್ದು. ಅವಳು ಸಂಶಯಪಟ್ಟವಳಲ್ಲ, ನಂಬಿಕೆಯಿದ್ದವಳು ಅವಳೊಬ್ಬಳೇ ಎಂದೆ. ದೇವದಾನಪ್ಪ ಎದ್ದು ಬಂದು ನನ್ನ ತೋಳು ಹಿಡಿದ. ವಯಸ್ಸಾಗಿದೆ, ಮೊಮ್ಮಗಳ ಕಾರ್ಯದ ದಿನ, ಕೂತುಕೋ ಎಂದು ಮೆಲ್ಲಗೆ ಹೇಳಿದ. ನನ್ನ ಕಾಲು ಕೂಡ ಕೂರಲು ಸಿದ್ಧವಾಗಿತ್ತು.

"ಕುಂದ್ರಸಬ್ಯಾಡ್ರಿ." ಹೆಂಗಸರ ಕಡೆಯಿಂದ ಶಾಂತಾ ಎದ್ದಿದ್ದಳು. ಸೆರಗಿನ ಮೇಲಿಂದ ತನ್ನ ಎದೆಯ ಒಂದು ಬದಿಗೆ ಕೈಯಿಟ್ಟುಕೊಂಡಳು. "ಅಣ್ಣಾ ಹೇಳಿದ್ದು ಖರೇ ಐತಿ. ವೈನಿ ತೋರಿಸಿದ್ದಕ್ಕ ನಾ ಇವತ್ತ ಅದೀನಿ."

ಪಾಸ್ಟರ್ ಹೊಸಬರು, ಚಿಕ್ಕ ವಯಸ್ಸಿನವರು. ಏನು ಮಾಡಬೇಕೆಂದು ತಿಳಿಯದೆ ಮಗುವನ್ನು ತರಲು ಹೇಳಿದರು. ಹೆಸರು ಕೇಳಿದರು. ಶೀಲಾ ತಲೆಯೆತ್ತಿ, ಎಷ್ಟೋ ವರ್ಷಗಳ ಮೇಲೆ, ಕನ್ನಡದಲ್ಲಿ ಹೇಳಿದಳು. "ಪ್ರೇಮಾ. ನಮ್ಮವ್ವನ ಹೆಸರು."

ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಅಳಿಯ ಚೀಲ ಹಿಡಿದು ಸ್ವಲ್ಪ ದೂರ ನಿಂತಿದ್ದ. ಅವನಿಗೆ ಕನ್ನಡ ಬಾರದು. ಕಾರ್ಯಕ್ರಮ ಚೆನ್ನಾಯಿತು ಎಂದು ಮರಾಠಿಯಲ್ಲಿ ಹೇಳಿ ನನ್ನ ಕೈ ಕುಲುಕಿದ್ದ. ಶೀಲಾ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಎದುರು ಬಂದಳು.

"ಮಮ್ಮಿ ಸುಬೇ ಹೀ ಬೋಲೀ ಥೀ ತುಮ್ಕೋ?" ಅಮ್ಮ ಅಂದು ಬೆಳಿಗ್ಗೆಯೇ ಹೇಳಿದ್ದಳೇ ಎಂದು ಕೇಳಿದಳು.

ಹೌದು ಎಂದೆ.

"ಔರ್ ತುಮ್ನೇ ಬೋಲಾ ಗಾಡಿ ಛೂಟ್ ಜಾಯೇಗೀ." ನನ್ನದೇ ಮಾತು, ಗಾಡಿ ತಪ್ಪುತ್ತದೆ ಎಂದದ್ದು.

ಹೌದು ಎಂದೆ. ಗಾಡಿ ಬಂತು. ಅವಳು ಹೆಂಗಸರ ಡಬ್ಬದ ಕಡೆ ನಡೆದಳು. ನಾನು ಅದೇ ಗಾಡಿಯಲ್ಲಿ ಗಂಡಸರ ಡಬ್ಬ ಹತ್ತಿದೆ. ಥಾಣೆಯಲ್ಲಿ ಇಳಿದ ಮೇಲೆ ಜನಜಂಗುಳಿಯಲ್ಲಿ ಅವಳ ಹೆಗಲ ಮೇಲೆ ಕೂಸಿನ ಟೊಪ್ಪಿಗೆ ಒಂದು ಸಲ ಕಂಡಿತು.

ಇದಾಗಿ ಏಳು ವಾರವಾಯಿತು. ಶೀಲಾ ಫೋನ್ ಮಾಡಿಲ್ಲ. ನಾನು ಮಾಡಿದರೆ ಅಳಿಯ ಎತ್ತಿ, ಮಲಗಿದ್ದಾಳೆ ಎನ್ನುತ್ತಾನೆ. ಸಭೆಯಲ್ಲಿ ನನ್ನನ್ನು ಹಿರಿಯರ ಸಾಲಿನಿಂದ ಬಿಡಿಸಿದ್ದಾರೆ. ಹಿಂದಿನ ಬಾಗಿಲ ಹತ್ತಿರ ಕೂರುತ್ತೇನೆ. ಹೋದ ಭಾನುವಾರ ಶಾಂತಾ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು, ಆರಾಧನೆ ಮುಗಿಯುವವರೆಗೂ ಇದ್ದು ಎದ್ದುಹೋದಳು.

ಶೀಲಾ ಬರಲಿ, ಕೂಸನ್ನು ಒಮ್ಮೆ ತೋರಿಸಲಿ ಎಂದು ಬೇಡುವುದನ್ನು ಈಚೆಗೆ ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದು ಪ್ರೇಮಾ ಬೇಡುತ್ತಿದ್ದುದನ್ನೇ ಬೇಡುತ್ತೇನೆ. ಸಂಗಾಟ ಇರು ಎಂದು. ಅಷ್ಟು ಸಾಕಾಗುತ್ತದೆಂದು ಅವಳು ಹೇಳಿದ್ದಳು. ನನಗೆ ಇನ್ನೂ ಸಾಕಾಗಿಲ್ಲ. ಆದರೂ ನಾಳೆಯೂ ಅದನ್ನೇ ಬೇಡುತ್ತೇನೆ. ಬೇರೆ ಪ್ರಾರ್ಥನೆ ನನ್ನ ಹತ್ತಿರ ಉಳಿದಿಲ್ಲ.